ಮಾಮನ ಬ್ಯಾಟರಿ ಪುರಾಣ

ನಮ್ಮ ಸೋದರಮಾವನಿಗೆ ಕನ್ನಡ ಚೆನ್ನಾಗಿಯೇ ಬರುತ್ತದೆ, ಆದರೆ ಪೂರ್ತಿ ಬರುವುದಿಲ್ಲ. ಒಂದು ಪದ ಕಡಿಮೆ. "ಸಾಕು" ಎನ್ನುವುದು ಆ ಪದ! ಎಲೆಯ ಮುಂದೆ ಕುಳಿತವರು ಎರಡೂ ಕೈ ಅಡ್ಡ ಹಿಡಿದು, ಎಲೆಯ ಮೇಲೆ ಬಗ್ಗಿ, ದೇವರಾಣೆ ಹಾಕಿ ಸಾಕು ಎಂದರೂ ಮಾಮನಿಗೆ ಕೇಳಿಸುವುದಿಲ್ಲ. ಬೆರಳ ಸಂದಿಯಲ್ಲೇ ತುಪ್ಪ ಸುರಿದು ಮುಂದಿನ ಎಲೆಗೆ ಹೋಗುತ್ತಾರೆ. ಆ ಪದದ ಜಾಗದಲ್ಲಿ ಅವರು ಇಟ್ಟುಕೊಂಡಿರುವುದು ಬೇರೊಂದು ಮಾತು: "ಕಡಿಮೆ ಬೀಳಬಾರದು." ಹುಟ್ಟಿದ ಕೂಡಲೇ ಅವರು ಅತ್ತಿದ್ದೂ ಹಾಲು ಕಡಿಮೆ ಬಿದ್ದೀತೆಂಬ ಭಯಕ್ಕೇ ಇರಬೇಕು ಎಂದು ನನ್ನ ಗುಮಾನಿ.

ನಿಜ ಹೇಳಬೇಕೆಂದರೆ ಇದು ಅವರೊಬ್ಬರ ಕಾಯಿಲೆಯಲ್ಲ, ನಮ್ಮ ಮನೆತನದ್ದು. ನಾವು ದಾವಣಗೆರೆ ಕಡೆಯವರು. ಪಂಕ್ತಿಯ ಕಡೆಯ ಎಲೆಗೆ ಬರುವಷ್ಟರಲ್ಲಿ ಪಾಯಸದ ಪಾತ್ರೆ ಬರಿದಾಯಿತು ಅಂದರೆ ನಮ್ಮಲ್ಲಿ ತಲೆ ಎತ್ತಿ ತಿರುಗುವ ಹಾಗಿಲ್ಲ. ಆದ್ದರಿಂದ ಹತ್ತು ಜನ ಬರುತ್ತಾರೆಂದರೆ ಇಪ್ಪತ್ತು ಜನಕ್ಕೆ ಬೇಯಿಸುವುದು ರೂಢಿ. ಉಳಿದರೆ ಅಕ್ಕಪಕ್ಕದವರಿಗೆ ಡಬ್ಬಿ ತುಂಬಿ ಕಳಿಸಬಹುದು, ಸಾಲದೆ ಬಂದರೆ ಮುಖ ಎಲ್ಲಿಡುವುದು? ಉಳಿದವರೆಲ್ಲ ಈ ರೂಢಿಯನ್ನು ಅಡುಗೆಮನೆಯಲ್ಲೇ ಬಿಟ್ಟು ಬರುತ್ತಾರೆ. ಮಾಮ ಮಾತ್ರ ಅದನ್ನು ಬೀದಿಗೂ ತಂದರು. ಮಳೆಗಾಲದಲ್ಲಿ ಎರಡು ಕೊಡೆ ಹಿಡಿದು ಹೊರಡುತ್ತಾರೆ, ಒಂದು ಕೈಕೊಟ್ಟರೆ? ಸಂಜೆಯ ರೈಲಿಗೆ ಬೆಳಗಿನ ತಿಂಡಿ ಮುಗಿಸಿಕೊಂಡು ಹೋಗುತ್ತಾರೆ. ಕನ್ನಡಕ ಕಳೆದರೆ ಹುಡುಕುವುದಕ್ಕೆ ಬೇಕಲ್ಲ ಎಂದು ಇನ್ನೊಂದು ಕನ್ನಡಕ ಇಟ್ಟಿದ್ದಾರೆ. ಪೀಣ್ಯದ ಒಂದು ಕಾರ್ಖಾನೆಯಲ್ಲಿ ಇವರು ರಿಟೈರಾಗುವವರೆಗೂ ಕ್ವಾಲಿಟಿ ಇನ್‌ಸ್ಪೆಕ್ಟರಾಗಿದ್ದರು. ಇವರು ಪಾಸು ಮಾಡಿದ ಬೋಲ್ಟು ಪ್ರಳಯವಾದರೂ ಸಡಿಲವಾಗುತ್ತಿರಲಿಲ್ಲವಂತೆ. ಆದರೆ ಪಾಸಾಗುವ ಬೋಲ್ಟು ಸಿಗುವುದೇ ಅಪರೂಪವಾಗಿತ್ತಂತೆ!

ಇಂಥವರ ಕೈ ಹಿಡಿದ ನಮ್ಮ ಅತ್ತೆಗೆ ಬೇಕಾಗಿದ್ದದ್ದು ಬಹಳ ಸ್ವಲ್ಪ. ಅದೇ ಇಲ್ಲಿ ಆದ ತೊಂದರೆ.

ಮಾಮ ಅತ್ತೆ ಇದ್ದದ್ದು ವಿಜಯನಗರದ ಪಕ್ಕದ ಮಾರೇನಹಳ್ಳಿಯಲ್ಲಿ, ಒಂದು ಮನೆಯ ಮಹಡಿಯ ಮೇಲೆ, ಬಾಡಿಗೆಗೆ. ಮಕ್ಕಳಿಲ್ಲ, ಬಸವೇಶ್ವರನಗರದಲ್ಲಿರುವ ನಾನೇ ಮಗಳ ಹಾಗೆ ಹೋಗಿ ಬಂದು ಮಾಡುತ್ತಿದ್ದೆ. ಅತ್ತೆಗೆ ರಂಗೋಲಿ ಎಂದರೆ ಪ್ರಾಣ. ಆದರೆ ಗೇಟು ಓನರಮ್ಮನದು, ಗೇಟಿನ ಮುಂದಿನ ನೆಲವೂ ಓನರಮ್ಮನದು. ಮಹಡಿಯ ಬಾಡಿಗೆಯವರಿಗೆ ರಂಗೋಲಿಗೆಂದು ಸಿಗುವುದು ಮೆಟ್ಟಿಲ ತುದಿಯ ಒಂದು ಟೈಲ್ಸು, ಅದರ ಮೇಲೂ ಚಪ್ಪಲಿ ಸ್ಟ್ಯಾಂಡು. ಅತ್ತೆ ಆ ಟೈಲ್ಸಿನ ಮೂಲೆಯಲ್ಲಿ ಬೆರಳಗಲದ ಒಂದು ಹೂವು ಬರೆದು ಅಷ್ಟಕ್ಕೇ ತೃಪ್ತಿಪಡುತ್ತಿದ್ದರು.

ಸ್ವಂತ ಜಾಗವೇ ಇಲ್ಲವೆಂದಲ್ಲ. ಕೆಂಗೇರಿ ಉಪನಗರ ದಾಟಿ ಇನ್ನೂ ಒಳಕ್ಕೆ ಹೋದರೆ ಒಂದು ಲೇಔಟಿನಲ್ಲಿ ಅವರದೊಂದು ಸೈಟಿದೆ. ನಾಲ್ಕು ಮೂಲೆಗೆ ನಾಲ್ಕು ಕಲ್ಲು, ಮಧ್ಯೆ ಮೊಣಕಾಲೆತ್ತರ ಪಾರ್ಥೇನಿಯಂ. ನಮ್ಮ ಕಡೆ ಹೀಗೆ ನಾಲ್ಕು ಕಲ್ಲಿನ ನಡುವೆ ವಯಸ್ಸು ಕಳೆದವರು ಬೇಕಾದಷ್ಟು ಜನ ಸಿಗುತ್ತಾರೆ. ನೀರು ಬರಲಿ, ಕರೆಂಟು ಬರಲಿ, ಆಮೇಲೆ ಕಟ್ಟೋಣ ಎಂದು ಕಾಯುತ್ತಾ ಮಾಮನಿಗೆ ರಿಟೈರ್‌ಮೆಂಟು ಬಂತು, ಕರೆಂಟು ಬರಲಿಲ್ಲ. ಪ್ರತಿ ಯುಗಾದಿಗೆ ನಾವು ಅಲ್ಲಿಗೆ ಹೋಗಿ, ಕಳೆ ಕಿತ್ತು, ಕಲ್ಲುಗಳಿಗೆ ವಿಭೂತಿ ಕುಂಕುಮ ಹಚ್ಚಿ, ಕಾಯಿ ಒಡೆದು, ಅತ್ತೆ ನೆಟ್ಟಿದ್ದ ಬಿಲ್ವದ ಗಿಡದ ಪಕ್ಕ ಚಾಪೆ ಹಾಸಿ ಹೋಳಿಗೆ ತಿಂದು, ಹೊತ್ತು ಮುಳುಗುವ ಮೊದಲು ವಾಪಸ್ ಬರುತ್ತಿದ್ದೆವು.

ಹಾಗೊಂದು ಯುಗಾದಿಯ ದಿನ ಅತ್ತೆ ಡಬ್ಬಿ ಮುಚ್ಚುತ್ತಾ ಹೇಳಿದರು: "ಒಂದೇ ಒಂದು ರಾತ್ರಿ ಇಲ್ಲಿ ಮಲಗಿ ಏಳಬೇಕು ಕಣೇ. ಬೆಳಿಗ್ಗೆ ಎದ್ದು ನಮ್ಮ ಬಾಗಿಲಿಗೆ ನಾನೇ ನೀರು ಹಾಕಿ, ಇಷ್ಟಗಲ ರಂಗೋಲಿ ಬಿಡಬೇಕು."

ಬಾಗಿಲೇ ಇಲ್ಲವಲ್ಲ ಅತ್ತೆ ಎಂದು ನಾನು ನಕ್ಕೆ. ಅವರೂ ನಕ್ಕರು. ಮಾಮ ಮಾತ್ರ ನಗಲಿಲ್ಲ.

ಬಾಗಿಲಿಗಿಂತ ದೊಡ್ಡ ಅಡ್ಡಿ ಇನ್ನೊಂದಿತ್ತು. ಅತ್ತೆಗೆ ನಿದ್ದೆಯಲ್ಲಿ ಉಸಿರು ನಿಂತು ನಿಂತು ಬರುವ ಕಾಯಿಲೆ. ಡಾಕ್ಟರು ಒಂದು ಪುಟ್ಟ ಮೆಷಿನ್ ಬರೆದುಕೊಟ್ಟಿದ್ದರು. ರಾತ್ರಿ ಮೂಗಿಗೆ ಮಾಸ್ಕು ಕಟ್ಟಿಕೊಂಡರೆ ಅದು ಸುಯ್ ಎಂದು ಗಾಳಿ ಊದುತ್ತದೆ. ಒಂದು ರಾತ್ರಿಯೂ ತಪ್ಪಿಸಬಾರದು ಎಂದಿದ್ದರು. ಬೆಳಿಗ್ಗೆ ಎದ್ದಾಗ ಅತ್ತೆಯ ಎರಡೂ ಕೆನ್ನೆಯ ಮೇಲೆ ಮಾಸ್ಕಿನ ಪಟ್ಟಿಯ ಗೆರೆ ಮೂಡಿರುತ್ತಿತ್ತು. "ಹೆಂಗಿದೆ ಹೊಸ ಡಿಸೈನು?" ಎಂದು ನನ್ನ ಕಡೆ ಮುಖ ತಿರುಗಿಸಿ ಕೇಳುತ್ತಿದ್ದರು. ಕರೆಂಟಿಲ್ಲದ ಸೈಟಿನಲ್ಲಿ ಆ ಮೆಷಿನ್ ಓಡುವುದು ಹೇಗೆ?

ಆಗಲೇ ಮಾಮನ ಮೊಬೈಲಿನಲ್ಲಿ ಯಾರೋ ಬಿಳಿಯರು ಕಾರಿನ ಹಿಂದೆ ಪುಟ್ಟ ಮನೆಯೊಂದನ್ನು ಕಟ್ಟಿಕೊಂಡು ಕಾಡಿಗೆ ಹೋಗಿ, ಬ್ಯಾಟರಿಯಲ್ಲಿ ದೀಪ ಹಚ್ಚಿ, ಕಾಫಿ ಕಾಯಿಸಿ ಕುಡಿಯುವ ವಿಡಿಯೋ ಬಂತು. ಅದಕ್ಕೆ ಕ್ಯಾಂಪಿಂಗ್ ಎನ್ನುತ್ತಾರಂತೆ. ಮಾಮ ಆ ವಿಡಿಯೋವನ್ನು ಊಟ ತಿಂಡಿ ಬಿಟ್ಟು ನೋಡಿದರು. ಅವರೆಲ್ಲ ಸ್ವಂತ ಮನೆ ಬಿಟ್ಟು ಕಾಡಿಗೆ ಹೋಗುತ್ತಾರೆ, ನಾವು ಬಾಡಿಗೆ ಮನೆ ಬಿಟ್ಟು ಸ್ವಂತ ಸೈಟಿಗೆ ಹೋಗೋಣ ಎಂದರು. ಕಾಮಾಕ್ಷಿಪಾಳ್ಯದ ಒಂದು ವೆಲ್ಡಿಂಗ್ ಶಾಪಿನಲ್ಲಿ ತಗಡಿನ ಗಾಡಿಯೊಂದು ತಯಾರಾಯಿತು. ಎರಡು ಚಕ್ರ, ಒಳಗೆ ಇಬ್ಬರು ಮಲಗುವ ಹಾಸಿಗೆ, ಒಂದು ಗೂಡು, ಒಂದು ಬಾಗಿಲು. ಬಾಗಿಲಿಗೆ ಹೊಸ್ತಿಲನ್ನೂ ಇಡಿಸಿದ್ದರು. ಅತ್ತೆ ಅದಕ್ಕೆ ಅರಿಶಿನ ಬಳಿದರು, ಒಳಗಿನ ಗೂಡಿನಲ್ಲಿ ರಂಗೋಲಿ ಡಬ್ಬಿ ಇಟ್ಟರು. ಹೊರಡುವುದಕ್ಕೆ ಅವರು ಅಂದೇ ತಯಾರು.

ಗಾಡಿ ಮನೆಯ ಮುಂದೆ ಬಂದು ನಿಂತಿದ್ದೇ ತಡ, ಬೀದಿಗೆಲ್ಲ ಕುತೂಹಲದ ತುರಿಕೆ. ವಾಕಿಂಗಿಗೆ ಹೋಗುವ ಹಿರಿಯರೊಬ್ಬರು ದೋಸೆ ಯಾವಾಗಿಂದ ಶುರು ಎಂದು ಕೇಳಿದರು. ಎದುರು ಮನೆಯವರಿಗೆ ಅದು ಹಾಲಿನ ಬೂತು. ಯಾವುದೋ ಪಕ್ಷದವರು ಬಂದು ಪ್ರಚಾರಕ್ಕೆ ಬಾಡಿಗೆಗೆ ಕೊಡ್ತೀರಾ ಸಾರ್, ಮೈಕು ನಾವೇ ತರ್ತೀವಿ ಎಂದರು. ಮಾಮ ಎಲ್ಲರಿಗೂ ಕೊಟ್ಟ ಉತ್ತರ ಒಂದೇ: "ಇದು ನಮ್ಮ ಸ್ವಂತ ಮನೆ." ಕೆಳಗೆ ಬಟ್ಟೆ ಒಣಹಾಕುತ್ತಿದ್ದ ಓನರಮ್ಮ ಇದನ್ನು ಕೇಳಿ, ಹಾಗಾದರೆ ಮಹಡಿ ಯಾವಾಗ ಖಾಲಿ ಮಾಡ್ತೀರಿ ಎಂದು ಗಂಭೀರವಾಗಿ ವಿಚಾರಿಸಿದರು.

ಈಗ ಬ್ಯಾಟರಿಗೆ ಬರೋಣ. ಗಾಡಿಗೆ ಮೊದಲು ಹಾಕಿದ್ದು ಮನೆಯ ಯುಪಿಎಸ್ಸಿನದೇ ಬ್ಯಾಟರಿ. ಕಪ್ಪಗೆ, ಚೌಕವಾಗಿ, ಪಾಪ ಅದರಷ್ಟಕ್ಕೆ ಅದು ಇತ್ತು. ಮಾಮ ಮೆಷಿನ್ನಿನ ಚಾರ್ಜರ್ ಡಬ್ಬಿಯನ್ನು ಮಗುಚಿ, ಅದರ ಮೇಲೆ ಅಚ್ಚಾಗಿದ್ದ ವ್ಯಾಟು ನೋಡಿ ಲೆಕ್ಕ ಹಾಕಿದರು. ಅದಕ್ಕೆ ದೀಪ ಸೇರಿಸಿದರು, ಫ್ಯಾನು ಸೇರಿಸಿದರು. ಬ್ಯಾಟರಿಯನ್ನು ಪೂರ್ತಿ ಬಳಸಿದರೆ ಅದು ಹಾಳಾಗುತ್ತದೆ, ಆದ್ದರಿಂದ ಅರ್ಧ ಅದರ ಮರ್ಯಾದೆಗೆ ಬಿಡಬೇಕು ಎಂದರು. ಉಳಿದ ಅರ್ಧದಲ್ಲಿ ಇನ್ನರ್ಧ ಆಪತ್ತಿಗೆ ಎಂದರು. ಇಷ್ಟೆಲ್ಲ ಬಿಟ್ಟ ಮೇಲೆ ಅತ್ತೆಯ ಪಾಲಿಗೆ ಉಳಿದದ್ದು ಒಂದು ಮಧ್ಯಾಹ್ನದ ತೂಕಡಿಕೆಗೆ ಆಗುವಷ್ಟು!

ಲೆಕ್ಕ ಬಿಟ್ಟು ಒಂದು ರಾತ್ರಿ ಇಲ್ಲೇ ಮನೆಯಲ್ಲೇ ಹಾಕಿ ನೋಡಬಹುದಲ್ಲ ಎಂದು ಅತ್ತೆ ಕೇಳಿದರು. ನ್ಯಾಯವಾದ ಪ್ರಶ್ನೆ. ರಿಟೈರಾಗುವತನಕ ಬೋಲ್ಟು ಪರೀಕ್ಷೆ ಮಾಡಿದ ಮನುಷ್ಯನಿಗೆ ಇದು ಹೊಳೆಯಬೇಡವೇ? ಮಾಮ ಸ್ಕ್ರೂಡ್ರೈವರ್ ಕೆಳಗಿಟ್ಟರು.

"ಬೋಲ್ಟ್ ಆದ್ರೆ ಮುರಿಯೋವರ್ಗೂ ತಿರುಗಿಸಿ ನೋಡ್ತೀನಿ. ನಿನ್ನ ಉಸಿರಿಟ್ಕೊಂಡು ಟೆಸ್ಟ್ ಮಾಡಕ್ಕಾಗುತ್ತೇನೇ?"

ಅತ್ತೆ ಒಳಗೆ ಹೋಗಿ ಕಾಫಿ ಮಾಡಿಕೊಂಡು ಬಂದರು. ಆ ದಿನದ ಕಾಫಿಗೆ ಸಕ್ಕರೆ ಸ್ವಲ್ಪ ಜಾಸ್ತಿಯೇ ಬಿದ್ದಿತ್ತು.

ಆದ್ದರಿಂದ ದೊಡ್ಡ ಬ್ಯಾಟರಿ ಬಂತು. ಬರುವ ಹೊತ್ತಿಗೆ ಅದೂ ಚಿಕ್ಕದಾಗಿತ್ತು, ಯಾಕೆಂದರೆ ಈ ಮಧ್ಯೆ ನೆಂಟರಿಗೆಲ್ಲ ಸುದ್ದಿ ಹಬ್ಬಿತ್ತು. ಫೋನಿನಲ್ಲಿ ಎಲ್ಲರೂ ಬಾಯಿಮಾತಿಗೆ ನಾವೂ ಬರ್ತೀವಿ ಎಂದರು. ಬಾಯಿಮಾತು ಎಂಬುದು ಮಾಮನಿಗೆ ತಿಳಿಯಬೇಡವೇ? ಅವರು ಪ್ರತಿಯೊಬ್ಬರನ್ನೂ ಬ್ಯಾಟರಿಯ ಲೋಡಿಗೆ ಸೇರಿಸಿದರು. ದಾವಣಗೆರೆಯ ಚಿಕ್ಕಮ್ಮನಿಗೆ ಸ್ನಾನಕ್ಕೆ ಬಿಸಿನೀರಿನ ಕಾಯಿಲ್. ಅವರ ಮಗನಿಗೆ ಲ್ಯಾಪ್‌ಟಾಪು. ಅತ್ತೆ ಒಮ್ಮೆ ತಮಾಷೆಗೆ, ಅಲ್ಲಿ ಚಟ್ನಿಗೆ ಮಿಕ್ಸಿ ಇರಲ್ವಲ್ಲ ಎಂದದ್ದೇ ತಡ, ಮಿಕ್ಸಿಯೂ ಸೇರಿತು. "ಚಟ್ನಿಪುಡಿ ಇದೆಯಲ್ರೀ" ಎಂದು ಅವರು ಹಿಂದೆಯೇ ಬಡಕೊಂಡದ್ದು ಮಿಕ್ಸಿಯ ಸದ್ದಿನಲ್ಲಿ ಯಾರಿಗೂ ಕೇಳಿಸಲಿಲ್ಲ.

ಆ ದೊಡ್ಡ ಬ್ಯಾಟರಿ ಹೊತ್ತುಕೊಂಡು ಅವರು ಒಮ್ಮೆ ಹೊರಟದ್ದೂ ಉಂಟು. ನಾನೂ ಹಿಂದಿನ ಸೀಟಿನಲ್ಲಿದ್ದೆ. ಗಾಡಿಯ ಭಾರಕ್ಕೆ ಮಾಮನ ಹಳೇ ಕಾರು ನಾಯಂಡಹಳ್ಳಿಯ ಏರಿನಲ್ಲಿ ಏದುಸಿರು ಬಿಡತೊಡಗಿತು. ಹಿಂದೆ ಬಿಎಂಟಿಸಿ ಬಸ್ಸುಗಳ ಮೆರವಣಿಗೆಯೇ ನಿಂತಿತು. ಒಬ್ಬ ಬೈಕಿನವನು ಪಕ್ಕಕ್ಕೆ ಬಂದು, ಅಂಕಲ್ ಗೃಹಪ್ರವೇಶ ಎಲ್ಲಿ ಎಂದು ಕೇಳಿ ಹೋದ. ಹೇಗೋ ಕೆಂಗೇರಿ ತಲುಪಿದೆವು. ಅಲ್ಲಿ ಮಾಮ ಕಾರಿನಿಂದ ಇಳಿದು ಆಕಾಶ ನೋಡಿದರು. ಪಶ್ಚಿಮಕ್ಕೆ ಒಂದು ಮೋಡ ಇತ್ತು. ಒಂದೇ ಒಂದು. ನಾಳೆ ಬಿಸಿಲು ಬರದಿದ್ದರೆ ಗಾಡಿಯ ತಲೆಯ ಮೇಲಿನ ಸೋಲಾರ್ ಹಲಗೆಯಿಂದ ಬ್ಯಾಟರಿ ಚಾರ್ಜ್ ಆಗುವುದಿಲ್ಲ, ಕಡಿಮೆ ಬಿದ್ದೀತು ಎಂದರು. ನಾಳೆಯ ಬಿಸಿಲು ಯಾಕೆ ಬೇಕು, ಇರುವುದು ಒಂದು ರಾತ್ರಿ ತಾನೇ ಎಂದು ನಾನು ವಾದಿಸಿದೆ. ಒಂದು ರಾತ್ರಿ ಅಂದುಕೊಂಡು ಹೋಗಿ ಕಾರು ಕೈಕೊಟ್ಟು ಎರಡು ರಾತ್ರಿ ಆದರೆ ಎಂದರು. ಅತ್ತೆ ತೊಡೆಯ ಮೇಲೆ ರಂಗೋಲಿ ಡಬ್ಬಿ ಇಟ್ಟುಕೊಂಡು ಕಿಟಕಿಯ ಹೊರಗೆ ನೋಡುತ್ತಾ ಕುಳಿತಿದ್ದರು. ಸೈಟು ಅಲ್ಲಿಂದ ಇನ್ನೆಷ್ಟು ದೂರ? ಒಂದು ಹಾಡು ಮುಗಿಯುವುದರೊಳಗೆ ಹೋಗಿ ಸೇರಬಹುದಿತ್ತು. ರಸ್ತೆಯ ಪಕ್ಕದ ಮರದ ನೆರಳಲ್ಲಿ ಕಟ್ಟಿಕೊಂಡಿದ್ದ ಚಿತ್ರಾನ್ನ ತಿಂದು ವಾಪಸ್ ಬಂದೆವು. ಮೆಟ್ಟಿಲು ಹತ್ತುವಾಗ ಅತ್ತೆ ನನ್ನ ಕೈ ಹಿಡಿದುಕೊಂಡು, ಚಿತ್ರಾನ್ನ ಮಾತ್ರ ಚೆನ್ನಾಗಿ ಆಗಿತ್ತು ಅಲ್ವೇನೇ ಎಂದರು. ಆ ಮೋಡ ನೆನಪಾದರೆ ನನಗೆ ಇವತ್ತಿಗೂ ಹೊಟ್ಟೆ ಉರಿಯುತ್ತದೆ. ಅದು ಮಳೆಯನ್ನೂ ಸುರಿಸಲಿಲ್ಲ.

ಮೂರನೆಯದು ಲಿಥಿಯಂ ಬ್ಯಾಟರಿ. ಹಗುರ, ಗಟ್ಟಿ, ವರ್ಷಗಟ್ಟಲೆ ಬಾಳುತ್ತದೆ ಎಂದು ಮಾಮ ಅದರ ಗುಣಗಾನ ಮಾಡಿದ್ದನ್ನು ಕೇಳಿದ್ದರೆ ಯಾರಾದರೂ ಅದಕ್ಕೆ ಹೆಣ್ಣು ಕೊಡುತ್ತಿದ್ದರು. ಆದರೆ ಲಿಥಿಯಂಗೆ ಹಳೇ ಚಾರ್ಜರ್ ಆಗುವುದಿಲ್ಲ. ಹೊಸ ಚಾರ್ಜರಿಗೆ ಹಳೇ ವೈರು ಆಗುವುದಿಲ್ಲ. ಹೊಸ ವೈರಿಗೆ ಹಳೇ ಫ್ಯೂಸು ಹೊಂದುವುದಿಲ್ಲ. ಒಂದೊಂದನ್ನೂ ತರಿಸಿ, ತಪಾಸಣೆ ಮಾಡಿ, ಇದು ಸರಿಯಿಲ್ಲ ಎಂದು ವಾಪಸ್ ಕಳಿಸಿ, ಮತ್ತೆ ತರಿಸುವಷ್ಟರಲ್ಲಿ ಆಯುಧಪೂಜೆ ಬಂತು. ಬ್ಯಾಟರಿಗೆ ಮೂರೆಳೆ ವಿಭೂತಿ, ಗಾಡಿಗೆ ಚೆಂಡುಹೂವಿನ ಹಾರ. ಎಲ್ಲರೂ ಚಕ್ರಕ್ಕೆ ಒಂದೊಂದು ನಿಂಬೆಹಣ್ಣು ಇಟ್ಟರೆ ಮಾಮ ಎರಡೆರಡು ಇಟ್ಟರು. ಗಾಡಿ ನಿಂಬೆಹಣ್ಣುಗಳ ಮೇಲೆ ಹತ್ತಿ ಇಳಿದು ನಿಂತಿತು. ಲಿಥಿಯಂ ಬಂದ ಮೇಲೆ ಆ ವರ್ಷ ಅದು ಮಾಡಿದ ಪ್ರಯಾಣ ಅಷ್ಟೇ.

ಹಳೆಯ ಯುಪಿಎಸ್ ಬ್ಯಾಟರಿಯನ್ನು ಅಂಗಡಿಗೆ ಎಕ್ಸ್‌ಚೇಂಜಿಗೆ ಕೊಡಿ ಎಂದರೆ ಮಾಮ ಕೊಡಲಿಲ್ಲ. ಕಷ್ಟಕಾಲಕ್ಕೆ ಇರಲಿ ಎಂದು ಮೆಟ್ಟಿಲ ಕೆಳಗೆ ಇಟ್ಟು, ಮರೆಯದೆ ಡಿಸ್ಟಿಲ್ಡ್ ವಾಟರ್ ಹಾಕಿ, ಚಾರ್ಜ್ ಮಾಡಿ, ಮುದಿ ಎತ್ತನ್ನು ಸಾಕಿದ ಹಾಗೆ ಸಾಕಿದರು. ಅತ್ತೆ ಅದರ ಮೇಲೆ ತುಳಸಿ ಕುಂಡ ಇಡಲು ಹೋಗಿ ಬೈಸಿಕೊಂಡರು.

ಕೊನೆಗೆ ಎಲ್ಲವೂ ಮುಗಿಯಿತು. ವೈರು ಪಾಸಾಯಿತು, ಫ್ಯೂಸು ಪಾಸಾಯಿತು. ಶಿವರಾತ್ರಿ ಜಾಗರಣೆ ಕಳೆಯಲಿ, ಆ ವಾರವೇ ಹೊರಡುವುದು ಖಂಡಿತ ಎಂದು ಮಾಮ ನಿಶ್ಚಯ ಮಾಡಿದರು. ಅತ್ತೆ ರಂಗೋಲಿ ಪುಡಿಯನ್ನು ಹೊಸದಾಗಿ ಜರಡಿ ಹಿಡಿದು ಡಬ್ಬಿಗೆ ತುಂಬಿದರು.

ಶಿವರಾತ್ರಿಗೆ ಮೊದಲೇ ಅತ್ತೆಗೆ ಜ್ವರ ಬಂತು. ನ್ಯುಮೋನಿಯಾ ಎಂದರು. ಆಸ್ಪತ್ರೆಗೆ ಹೊರಟಾಗ ಅತ್ತೆ ಮೆಟ್ಟಿಲನ್ನು ತಾವೇ ಇಳಿದು, ಗಾಡಿಯ ಪಕ್ಕ ಹಾದುಹೋಗುವಾಗ ಅದರ ಬಾಗಿಲನ್ನು ಒಮ್ಮೆ ಕೈಯಿಂದ ಸವರಿ, ಆಟೋ ಹತ್ತಿದರು. ಆ ಮೆಟ್ಟಿಲನ್ನು ಅವರು ಮತ್ತೆ ಹತ್ತಲಿಲ್ಲ.

ಅತ್ತೆ ಹೋದ ಮೇಲೆ ಅವರ ಶಿವಗಣಾರಾಧನೆಯ ದಿನ ಅಡುಗೆಯ ಉಸ್ತುವಾರಿಯನ್ನು ಬೇರೆಯವರು ವಹಿಸಿಕೊಂಡರು. ಕಡೆಯ ಪಂಕ್ತಿಗೆ ಪಾಯಸ ಕಡಿಮೆ ಬಿತ್ತು. ನಮ್ಮ ಮನೆತನದಲ್ಲಿ ಹಿಂದೆಂದೂ ಹೀಗಾಗಿರಲಿಲ್ಲ. ಎಲ್ಲರೂ ಗಾಬರಿಯಾಗಿ ಮಾಮನ ಮುಖ ನೋಡಿದರು. ಮಾಮ ಕಂಬಕ್ಕೆ ಒರಗಿ ಕುಳಿತಿದ್ದರು. ಅವರಿಗೆ ಅದು ಗೊತ್ತೇ ಆಗಲಿಲ್ಲ.

ಯುಗಾದಿಗೆ ಸೈಟಿನ ಮಾತನ್ನು ಯಾರೂ ಎತ್ತಲಿಲ್ಲ. ಅದಾದ ಮೇಲೆ ಒಂದು ಭಾನುವಾರ ಬೆಳಿಗ್ಗೆ ನಾನು ಇಡ್ಲಿ ಡಬ್ಬಿ ಹಿಡಿದು ಹೋದರೆ ಮಹಡಿಗೆ ಬೀಗ, ಮನೆ ಮುಂದೆ ಗಾಡಿ ಇಲ್ಲ. ಗೇಟಿನ ಮುಂದೆ ರಂಗೋಲಿ ಹಾಕುತ್ತಿದ್ದ ಓನರಮ್ಮ ತಲೆ ಎತ್ತಿ, ನಿಮ್ಮ ಮಾಮ ನಿನ್ನೆ ಸಂಜೆಯೇ ಗಾಡಿ ಕಟ್ಟಿಕೊಂಡು ಹೋದರು ಕಣಮ್ಮ, ಯಾರ ಜೊತೆಗೂ ಮಾತಾಡಲಿಲ್ಲ ಎಂದರು. ನಾನು ಸ್ಕೂಟರನ್ನು ಸೈಟಿನ ದಾರಿಗೆ, ಮೈಸೂರು ರಸ್ತೆಗೆ ತಿರುಗಿಸಿದೆ.

ಗಾಡಿ ಸೈಟಿನಲ್ಲೇ ಇತ್ತು, ಬಿಲ್ವದ ಗಿಡದ ಪಕ್ಕ. ಬಾಗಿಲು ಅರ್ಧ ತೆರೆದಿತ್ತು. ಒಳಗಿಂದ ಸುಯ್ ಎಂಬ ಸದ್ದು ಬರುತ್ತಿತ್ತು. ಅತ್ತೆಯ ಮೆಷಿನ್ನಿನ ಸದ್ದು. ನಾನು ಸ್ಕೂಟರ್ ಸ್ಟ್ಯಾಂಡು ಹಾಕುವುದನ್ನೂ ಮರೆತು ನಿಂತೆ. ಮಾಮ ಎಂದು ಕೂಗಿದೆ. ಮಾಮ ಹೊರಗೆ ಬಂದರು. ತಲೆಗೂದಲು ಕೆದರಿತ್ತು. ಎರಡೂ ಕೆನ್ನೆಯ ಮೇಲೆ ಮಾಸ್ಕಿನ ಪಟ್ಟಿಯ ಗೆರೆ ಮೂಡಿತ್ತು.

ಹೊಸ್ತಿಲ ಪಕ್ಕದಲ್ಲಿ ಕಪ್ಪು ಚೌಕದ ಬ್ಯಾಟರಿಯೊಂದು ಕುಳಿತಿತ್ತು. ಮೆಟ್ಟಿಲ ಕೆಳಗೆ ಇದ್ದ ಯುಪಿಎಸ್ಸಿನ ಬ್ಯಾಟರಿ ಅದೇ ಅಲ್ಲವೇ ಎಂದು ಕೇಳಿದೆ. ಮಾಮ ಹೌದೆಂದು ತಲೆಯಾಡಿಸಿದರು.

"ರಾತ್ರಿ ಪೂರ್ತಿ ನಾನೇ ಹಾಕ್ಕೊಂಡು ಮಲಗಿದ್ದೆ. ಇನ್ನೂ ಓಡ್ತಾ ಇದೆ, ಕೇಳು," ಎಂದರು. ನಾನು ಕೇಳಿದೆ. ಅವರೂ ಕೇಳುತ್ತಾ ನಿಂತರು. "ಚಾರ್ಜರ್ ಡಬ್ಬಿ ಮೇಲೆ ಬರ್ದಿರೋದು ನೋಡಿ ಲೆಕ್ಕ ಹಾಕ್ಬಿಟ್ಟೆ ಕಣೇ. ಈ ಮೆಷಿನ್ನು ಅಷ್ಟೆಲ್ಲ ಕರೆಂಟು ಎಳೆಯೋದೇ ಇಲ್ಲ." ಬ್ಯಾಟರಿಯ ಮೇಲಿನ ಧೂಳು ಒರೆಸುತ್ತಾ ಅಂದರು: "ಇದೇ ಸಾಕಾಗ್ತಿತ್ತು."

ನಾನು ಹುಟ್ಟಿದಾಗಿನಿಂದ ಅವರ ಬಾಯಲ್ಲಿ ಕೇಳದ ಮಾತು ಅದು.

ಇಡ್ಲಿ ಡಬ್ಬಿಯನ್ನು ಅವರ ಕೈಗೆ ಕೊಟ್ಟು ನಾನು ಗಾಡಿಯೊಳಗೆ ಕೈ ಹಾಕಿದೆ. ಗೂಡಿನಲ್ಲಿ ಅತ್ತೆ ಜರಡಿ ಹಿಡಿದು ತುಂಬಿಸಿದ್ದ ಡಬ್ಬಿ ಹಾಗೆಯೇ ಇತ್ತು. ಮಾಮ ಕ್ಯಾನಿನಿಂದ ನೀರು ತಂದು ಬಾಗಿಲ ಮುಂದಿನ ಮಣ್ಣಿಗೆ ಚಿಮುಕಿಸಿದರು, ಧೂಳು ಕೂರುವವರೆಗೂ ಚಿಮುಕಿಸಿದರು. ನಾನು ಕುಕ್ಕರುಗಾಲಿನಲ್ಲಿ ಕುಳಿತು ಚುಕ್ಕಿ ಇಟ್ಟೆ. ಅತ್ತೆಯ ಕೈ ನನಗೆ ಬಂದಿಲ್ಲ, ಎಳೆಗಳು ಸೊಟ್ಟಪಟ್ಟ ಆದವು. ಅಗಲ ಮಾತ್ರ ಅತ್ತೆ ಅಂದು ಹೇಳಿದಷ್ಟೇ ಬಿಟ್ಟೆ.

ಮುಗಿಸಿ ಎದ್ದಾಗ ಮಾಮ ಪಂಚೆ ಎತ್ತಿ ಹಿಡಿದು, ರಂಗೋಲಿಯ ಒಂದು ಎಳೆಯೂ ಕೆಡದ ಹಾಗೆ ದೊಡ್ಡ ಹೆಜ್ಜೆ ಇಟ್ಟು ದಾಟಿ, ಒಳಗೆ ಹೋಗಿ ಮೆಷಿನ್ ಆಫ್ ಮಾಡಿದರು.